ಶೂ ಹಾಕ್ಕೊಂಡವಳ ಮಂಡಿ

ಬರಿಗಾಲಲ್ಲಿ ಸೂರಗೊಂಡನಕೊಪ್ಪದ ಜಾತ್ರೆಗೆ ನಡೆದು ಹೋದವರಿಗೆ ಮಂಡಿ ನೋವು ಬರೋದಿಲ್ಲ. ಆವಾಗ ಎಲ್ರೂ ಹಂಗೇ ನಂಬಿದ್ರು. ಒಬ್ರು ಇಬ್ರಲ್ಲ, ಎಲ್ರೂ. ಮಾಲೆ ಹಾಕ್ಕೊಂಡವರು, ಹಾಕ್ಕೊಳ್ದವರು, ನಡೆದವರು, ಜೀಪಲ್ಲಿ ಹೋಗಿ ಜೀಪಲ್ಲಿ ಬಂದವರು, ಕೊನೆಗೆ ಎಂಜಿನಿಯರಿಂಗ್ ಓದಿದ ನನ್ನ ಮಗಾನೂ, ಅಂದ್ರೆ ನಿಮ್ಮಪ್ಪ. ನಗಬೇಡ್ರಿ. ಸಿಂಧು, ನೀನಂತೂ ನಗಲೇಬೇಡ. ಅದ್ಯಾವುದೋ ಗುಡ್ಡ ಹತ್ತಿ ಇಳಿದು ಬಂದು ಮೂರು ವಾರ ಆತು, ಇನ್ನೂ ಮೆಟ್ಟಿಲ ಮೇಲೆ ಒಂದು ಕಾಲು ಎಳೀತೀಯ, ಕೇಳಿದ್ರೆ 'ಏನಿಲ್ಲ ಅಜ್ಜಿ' ಅಂತೀಯ. ಏನಿಲ್ಲ ಅಂದ್ರೆ ಗೋಡೆ ಯಾಕೆ ಹಿಡ್ಕೊಂಡು ಬರ್ತೀಯ? ಗೋಡೆ ಬೀಳ್ತೈತೆ ಅಂತಾನಾ? ಕೂರು ಇಲ್ಲಿ, ಕಾಲು ಚಾಚು. ನಿನ್ನ ತಮ್ಮನೂ ಕೂರಲಿ. ಮಂಡಿ ವಿಷಯದಲ್ಲಿ ನಾನು ಪಿಎಚ್.ಡಿ ಮಾಡೀನಿ, ಸರ್ಟಿಫಿಕೇಟ್ ಒಂದು ಯಾರೂ ಕೊಡಲಿಲ್ಲ.

ನಾನು ರಿಟೈರ್ ಆಗಿ ಆವಾಗ ಮೂರು ವರ್ಷ ಆಗಿತ್ತು. ಅಲ್ಲ, ಎರಡು. ನಿಮ್ಮಜ್ಜ ತೀರಿಕೊಂಡು ಮೂರು. ಚನ್ನಗಿರಿಲಿ ಇದೇ ಮನೆ, ಇದೇ ಜಗಲಿ. ಹೊನ್ನಾಳಿಲಿ ಒಂದು ಖಾಸಗಿ ಪಿಯು ಕಾಲೇಜಿನವರಿಗೆ ಫಿಸಿಕ್ಸ್ ಹೇಳಾಕೆ ಯಾರೂ ಸಿಗದೆ ನನ್ನ ಕರೆದಿದ್ರು, ವಾರದಾಗೆ ಮೂರು ದಿನ. ಬೆಳಿಗ್ಗೆ ಬಸ್ಸು ಹತ್ತೋದು, ಪಾಠ ಮಾಡೋದು, ಬಸ್ಸು ಹತ್ತಿ ಬರೋದು. ಮನೇಲಿ ಕೂತ ಮುದುಕಿಗೂ ಬಸ್ಸಲ್ಲಿ ಕೂತ ಮುದುಕಿಗೂ ಎಷ್ಟು ವ್ಯತ್ಯಾಸ ಐತೆ ಅಂತ ನಿಮಗೆ ಇನ್ನೂ ಗೊತ್ತಿಲ್ಲ. ಮನೇಲಿ ಕೂತವಳನ್ನ 'ಊಟ ಆತಾ' ಅಂತ ಕೇಳ್ತಾರೆ. ಬಸ್ಸಲ್ಲಿ ಕೂತವಳನ್ನ 'ಎಲ್ಲಿಗೆ ಮೇಡಂ' ಅಂತ ಕೇಳ್ತಾರೆ. ನನಗೆ ಎರಡನೇದು ಬೇಕಿತ್ತು. ಆತಾ, ಇಷ್ಟೇ ನನ್ನ ಆಸೆ. ಇದನ್ನ ನೆನಪಿಟ್ಕೊಳ್ರಿ, ಯಾಕಂದ್ರೆ ಇದು ಹೋಗಾಕೆ ಕೂತಿತ್ತು.

ನನ್ನ ತಂಗಿ ಸಕ್ಕು, ಸಕ್ಕುಬಾಯಿ, ಜಗಳೂರು ಕಡೆ ತಾಂಡಾಕ್ಕೆ ಕೊಟ್ಟಿದ್ದು, ನೀವು ನೋಡೀರಲ್ಲ, ಅವಳ ಮಗಳು ರೇಖಾಗೆ ಎರಡು ಸಲ ಬಸಿರು ನಿಂತು ಹೋಗಿಬಿಟ್ಟಿತ್ತು. ಮೂರನೇದು ಏಳನೇ ತಿಂಗಳಿಗೆ ಬಂದಿತ್ತು. ಸಕ್ಕು ಹರಕೆ ಹೊತ್ಲು: ಮಾಲೆ ಹಾಕ್ಕೊಂಡು ಜಗಳೂರಿಂದ ನಮ್ಮ ಲಂಬಾಣಿ ಗುರುಗಳ ಸ್ಥಳ ಸೂರಗೊಂಡನಕೊಪ್ಪಕ್ಕೆ ಬರಿಗಾಲಲ್ಲಿ ನಡೀತೀನಿ, ಮಗು ಉಳೀಲಿ ಅಂತ. ಅವಳ ಗಂಡ ಫೋನ್ ಮಾಡಿದ. 'ಅಕ್ಕಾರ, ನೀವು ಜೊತೆಗೆ ಹೋಗ್ತೀರಿ ಅಂದ್ರೆ ಕಳಿಸ್ತೀನ್ರಿ, ಇಲ್ದಿದ್ರೆ ಇಲ್ಲ.' ನಾನಂದೆ, 'ನನಗೆ ಹರಕೆ ಗಿರಕೆ ಗೊತ್ತಿಲ್ಲಪ್ಪ.' ಅವನಂದ, 'ಹರಕೆ ಅವಳು ನೋಡ್ಕೊಳ್ತಾಳ್ರಿ, ನೀವು ಅವಳನ್ನ ನೋಡ್ಕೊಳ್ರಿ.' ದೇವರ ಬಗ್ಗೆ ನನಗೆ ಅನುಮಾನ ಇತ್ತು, ತಂಗಿ ಬಗ್ಗೆ ಇರಲಿಲ್ಲ. ಹೊರಟೆ. ಮಾಲೆ ಹಾಕ್ಕೊಳ್ಳಲಿಲ್ಲ. ದಾವಣಗೆರೇಲಿ ಒಂದು ಜೊತೆ ಒಳ್ಳೇ ಶೂ ತಗೊಂಡು, ಅದನ್ನ ಹಾಕ್ಕೊಂಡೇ ಜಗಳೂರಲ್ಲಿ ಹೋಗಿ ನಿಂತೆ.

ಗುಂಪಿನ ಹಿರಿಯ ಲಕ್ಷ್ಮಾನಾಯ್ಕ ಅಂತ. ಎಷ್ಟೋ ವರ್ಷದಿಂದ ಗುಂಪು ಕಟ್ಕೊಂಡು ನಡೆದವನು, ಒಳ್ಳೇ ಮನುಷ್ಯ, ದನಿ ಮಾತ್ರ ಮೈಕ್ ಇಲ್ದೆ ಇಡೀ ಊರಿಗೆ ಕೇಳ್ತೈತೆ. ನನ್ನ ಕಾಲು ನೋಡಿದ. 'ಮೇಡಂನೋರೆ, ಚಪ್ಪಲಿ...' ಅಂದ. 'ಚಪ್ಪಲಿ ಅಲ್ಲ, ಶೂ' ಅಂದೆ. 'ಅದೂ ಕಾಲಿಗೇ ಅಲ್ಲೇನ್ರಿ ಹಾಕೋದು?' 'ಹೂಂ, ತಲೆಗೆ ಆಗಲ್ಲ ಅದು.' ಎಲ್ರೂ ನಕ್ಕರು, ಅವನೂ ನಕ್ಕ. ಆಮೇಲೆ ಅಂದ, 'ನೀವು ಮಾಲೆ ಹಾಕಿಲ್ಲ, ನಿಮಗೆ ನೇಮ ಇಲ್ಲ, ಶೂ ಹಾಕ್ಕೊಳ್ರಿ. ಆದ್ರೆ ಒಂದು ಮಾತು. ಬರಿಗಾಲಲ್ಲಿ ನಡೆದವರ ಮಂಡಿನ ಭೂಮಿತಾಯಿ ನೋಡ್ಕೊಳ್ತಾಳೆ. ನೋವು ಬಂತು ಅಂದ್ರೆ ನೇಮದಲ್ಲಿ ಏನೋ ತಪ್ಪೈತೆ ಅಂತಾನೇ ಲೆಕ್ಕ. ಹರಕೆ ಒಪ್ಪಿಗೆ ಆಗಿಲ್ಲ ಅಂತ ಲೆಕ್ಕ.' ಎಲ್ರೂ ತಲೆ ಆಡಿಸಿದ್ರು. ಸಕ್ಕು ಎಲ್ರಿಗಿಂತ ಜೋರಾಗಿ ಆಡಿಸಿದ್ಲು.

ನಡಿಗೆ ಬಗ್ಗೆ ಜಾಸ್ತಿ ಹೇಳಲ್ಲ. ರಸ್ತೆ ಇತ್ತು, ಬಿಸಿಲಿತ್ತು, ನಡೆದ್ವಿ. ಜಗಳೂರಿಂದ ದಾವಣಗೆರೆ ಕಡೆಗೆ ನೆರಳು ಅಂದ್ರೆ ನಿಮ್ಮದೇ ನೆರಳು. ಊರೂರಲ್ಲಿ ಶಾಮಿಯಾನ ಹಾಕಿ ಮಜ್ಜಿಗೆ ಕೊಡೋರು, ಕಾಲಿಗೆ ಬಿಸಿನೀರು ಹಾಕೋರು, ಎಣ್ಣೆ ಹಚ್ಚಾಕೆ ಬರೋರು. ಅವರ ಪ್ರೀತಿಗೇನೂ ಕಮ್ಮಿ ಇಲ್ಲ. ಒಬ್ಬಾಕಿ ನನ್ನ ಶೂ ಬಿಚ್ಚಿ ಸಾಕ್ಸು ನೋಡಿ, 'ಅಯ್ಯೋ, ಇದರ ಒಳಗೆ ಇನ್ನೊಂದೈತಲ್ರೀ' ಅಂದ್ಲು, ಈರುಳ್ಳಿ ಸುಲಿದಂಗೆ. ನಾನು ಆರಾಮಾಗಿದ್ದೆ, ಸತ್ಯ ಹೇಳ್ತೀನಿ, ಸ್ವಲ್ಪ ಜಂಬಾನೂ ಇತ್ತು. ದಾವಣಗೆರೆ ದಾಟಿದ ಮಾರನೇ ದಿನ ಬಸವಾಪಟ್ಟಣ ಹತ್ರ ಬಂದಾಗ ಒಂದು ಇಳಿಜಾರು ಸಿಕ್ತು. ಹತ್ತೋದು ಕಷ್ಟ, ಇಳಿಯೋದು ಸುಲಭ ಅಂತ ಅಂದ್ಕೊಂಡು ದಡದಡ ಇಳಿದೆ. ಬಲ ಮಂಡಿ ಒಳಗೆ ಯಾರೋ ಸೂಜಿ ಇಟ್ಟು ಮರೆತು ಹೋದಂಗಾತು. ನಿಂತೆ. ಸಕ್ಕು ಪಕ್ಕದಲ್ಲೇ ಇದ್ಲು. 'ಏನಾತಕ್ಕ?' 'ಮಂಡಿ.' ಅವಳು ನನ್ನ ಚೀಲ ತಗೊಂಡು ತಾನು ಹಾಕ್ಕೊಂಡ್ಲು. ಹಿಂದಿಂದ ಲಕ್ಷ್ಮಾನಾಯ್ಕನ ದನಿ, 'ಯಾರಿಗಾತು? ಶೂನೋರಿಗಾ?' ಅಂತ. ಹೊನ್ನಾಳಿ, ನ್ಯಾಮತಿ, ಕೊಪ್ಪ, ಅಲ್ಲಿಂದ ಮುಂದೆಲ್ಲ ನಾನು ನಡೆದದ್ದಲ್ಲ, ಕಾಲನ್ನ ಹೊತ್ಕೊಂಡು ಹೋಗಿದ್ದು. ಹೋದೆ ಮಾತ್ರ. ತಂಗಿ ಹಣೆ ನೆಲಕ್ಕೆ ಹಚ್ಚಿ ಎದ್ದದ್ದನ್ನ ಕಣ್ಣಾರೆ ನೋಡಿ, ಅವಳ ಗಂಡನಿಗೆ ಫೋನ್ ಮಾಡಿ, 'ನಿನ್ನ ಹೆಂಡತಿ ಸರಿ ಅದಾಳೆ, ತಗೊ' ಅಂದು, ಆಮೇಲೆ ಕೂತೆ. ಕೂತವಳಿಗೆ ಏಳಾಕೆ ಆಗಲಿಲ್ಲ.

ಮನೆಗೆ ಬಂದ ಮೇಲೆ ಶುರುವಾತು ನೋಡ್ರಿ. ವಾರ ಆದ್ರೂ ನೋವು ಹೋಗಲಿಲ್ಲ, ತಿಂಗಳಾದ್ರೂ ಹೋಗಲಿಲ್ಲ. ಎಕ್ಕದ ಎಲೆ ಕಾಯಿಸಿ ಹರಳೆಣ್ಣೆ ಹಚ್ಚಿ ಕಟ್ಟಿದ್ರು. ಉಪ್ಪಿನ ಕಾವು ಕೊಟ್ರು. ಪಕ್ಕದ ಮನೆಯಾಕಿ ಲಕ್ಕಿ ಸೊಪ್ಪು ತಂದ್ಲು, ಅವಳ ಅತ್ತೆ ಅದನ್ನ ಬಿಚ್ಚಿ ಬೇರೆ ಏನೋ ಕಟ್ಟಿದ್ಲು. ನನ್ನ ಮಂಡಿ ಒಂದು ಸೊಪ್ಪಿನ ಅಂಗಡಿ ಆಗಿತ್ತು. ಬಂದವರೆಲ್ಲ ಮೊದಲು ಮಂಡಿ ನೋಡೋರು, ಆಮೇಲೆ ಬಾಗಿಲ ಹತ್ರ ಬಿಟ್ಟಿದ್ದ ಶೂ ನೋಡೋರು, ಆಮೇಲೆ ನನ್ನ ಮುಖ ನೋಡೋರು. ಲಕ್ಷ್ಮಾನಾಯ್ಕ ಫೋನ್ ಮಾಡಿ ವಿಚಾರಿಸಿದ. 'ನಮ್ಮಲ್ಲಿ ಯಾರಿಗೂ ಏನಿಲ್ಲ ಮೇಡಂನೋರೆ, ಎಲ್ರೂ ಆರಾಮ್. ಬರೋ ವರ್ಷ ಬರಿಗಾಲಲ್ಲಿ ಬಂದು ಒಂದು ತಪ್ಪು ಕಾಣಿಕೆ ಹಾಕಿಬಿಡ್ರಿ, ಹೋಗ್ತೈತೆ.' ನಿಮ್ಮಪ್ಪ ಬೇರೆ ದಾರಿ ಹಿಡಿದ. 'ಅವ್ವಾ, ಇನ್ನು ಬಸ್ಸು ಬೇಡ. ಕಾಲೇಜು ಬಿಡು. ವಯಸ್ಸಾತು.' ನಾನಂದೆ, 'ವಯಸ್ಸು ನನಗೆ ಆಗಿದ್ದು, ನೀನ್ಯಾಕೆ ರಾಜೀನಾಮೆ ಬರೀತೀಯ?' ಕಾಲೇಜಿನ ಪ್ರಿನ್ಸಿಪಾಲ್ರು ಅಂತೂ ಬಹಳ ಸಭ್ಯರು. 'ಆರಾಮ್ ಮಾಡ್ರಿ ಮೇಡಂ. ಜೂನ್‌ಗೆ ಬಂದ್ರೆ ಬರ್ರಿ. ನಾವು ಇನ್ನೊಬ್ರನ್ನ ನೋಡ್ತಾ ಇರ್ತೀವಿ, ತಪ್ಪು ತಿಳೀಬೇಡ್ರಿ.' ತಪ್ಪು ತಿಳಿಯಾಕೆ ಏನೂ ಇರಲಿಲ್ಲ, ಸರಿಯಾಗೇ ತಿಳೀತು. ಕೊನೆಗೆ ನಿಮ್ಮಪ್ಪನ ಜೊತೆ ಒಂದು ಒಪ್ಪಂದ ಆತು: ಜೂನ್‌ನಲ್ಲಿ ಕಾಲೇಜು ತೆರೆಯೋ ದಿನ ಯಾರೂ ಕೈ ಹಿಡೀದೆ ನಾನೇ ಬಸ್ಸು ಹತ್ತಿ, ನಾನೇ ಇಳೀಬೇಕು. ಅದಾದ್ರೆ ಕಾಲೇಜು. ಇಲ್ದಿದ್ರೆ ಜಗಲಿ.

ಇಲ್ಲೇ ಸಂತೆಪೇಟೆ ಕಡೆ, ಅಲ್ಲ, ಬಸ್ ಸ್ಟ್ಯಾಂಡ್ ಹಿಂದೆ, ಒಂದು ಫಿಜಿಯೋಥೆರಪಿ ಕೋಣೆ ಇತ್ತು. ಒಂದು ಸಣ್ಣ ಹುಡುಗಿ. 'ಆಂಟಿ, ಮಲಗ್ರಿ' ಅಂತು. 'ನಾನು ನಿನ್ನ ಆಂಟಿ ಅಲ್ಲಮ್ಮ.' 'ಸರಿ ಆಂಟಿ, ಮಲಗ್ರಿ.' ಕಾಲು ಮಡಚಿಸ್ತು, ಚಾಚಿಸ್ತು, ಒತ್ತಿ ನೋಡ್ತು. ತೊಡೆ ಸೊರಗೈತೆ, ಅಭ್ಯಾಸ ಇಲ್ದೆ ಅಷ್ಟು ದೂರ ನಡೆದು ಇಳಿಜಾರು ಇಳಿದಿದ್ದೀರಿ, ಸುಮ್ಮನೆ ಮಲಗಿದ್ರೆ ಇನ್ನೂ ಸೊರಗ್ತೈತೆ ಅಂತು. ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು ಒತ್ತೋದು, ಕಾಲು ನೇರ ಎತ್ತಿ ಹಿಡಿಯೋದು, ಆಮೇಲೆ ಏನಾದ್ರೂ ಗಿಡ್ಡದ್ದರ ಮೇಲೆ ಹತ್ತಿ ಇಳಿಯೋದು. 'ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋಯೋ ಕಾಲು ಮೊದಲು, ಮರೀಬೇಡ್ರಿ ಆಂಟಿ.' ನಾನು ಕೇಳಿದೆ, 'ಶೂ ಹಾಕ್ಕೊಂಡಿದ್ದಕ್ಕೆ ಆತಾ?' 'ಇಲ್ಲಪ್ಪ.' 'ಹಂಗಾದ್ರೆ ಬರಿಗಾಲಿನವರು ಅಷ್ಟೂ ಜನಕ್ಕೆ ಯಾಕೆ ಬರಲಿಲ್ಲ?' 'ಗೊತ್ತಿಲ್ಲ ಆಂಟಿ' ಅಂತು. ಗೊತ್ತಿಲ್ಲ ಅಂತ ಹೇಳಿದವಳು ಅವಳೇ ಮೊದಲು. ಅದಕ್ಕೇ ಅವಳ ಹತ್ರ ಮತ್ತೆ ಹೋದೆ.

ಆದ್ರೆ ಆ ಪ್ರಶ್ನೆ ನನ್ನ ಬಿಡಲಿಲ್ಲ. ನಾನು ಜೀವನ ಎಲ್ಲ ಲ್ಯಾಬಲ್ಲಿ ಹುಡುಗರಿಗೆ ಏನು ಹೇಳಿದ್ದು? ನಿಮ್ಮ ಇಷ್ಟ ಮುಖ್ಯ ಅಲ್ಲ, ರೀಡಿಂಗ್ ಮುಖ್ಯ ಅಂತ. ಇಲ್ಲಿ ರೀಡಿಂಗ್ ಏನು ಹೇಳ್ತಿತ್ತು? ಒಂದೇ ರಸ್ತೆ, ಒಂದೇ ಬಿಸಿಲು, ಅದೇ ಇಳಿಜಾರು. ಬರಿಗಾಲಿನ ಇಡೀ ಗುಂಪಿಗೆ ನೋವಿಲ್ಲ. ಶೂ ಹಾಕ್ಕೊಂಡ ಒಬ್ಬಳಿಗೆ ನೋವು. ಇಂಥ ಚೊಕ್ಕ ಪ್ರಯೋಗ ನಮ್ಮ ಕಾಲೇಜು ಲ್ಯಾಬಲ್ಲಿ ಒಂದೂ ಆಗಿರಲಿಲ್ಲ, ಮತ್ತೆ ಅದು ನನ್ನ ವಿರುದ್ಧ ಬಂದಿತ್ತು. ಸಕ್ಕು ಶಿವರಾತ್ರಿ ಕಳೆದ ಮೇಲೆ ನೋಡಾಕೆ ಬಂದ್ಲು. ನೆಲದ ಮೇಲೆ ಚಕ್ಕಳ ಬಕ್ಕಳ ಹಾಕಿ ಕೂತ್ಲು, ನಾನು ಕುರ್ಚಿಲಿ. 'ನಿನಗೆ ನಿಜವಾಗ್ಲೂ ಏನೂ ಇಲ್ಲೇನೇ?' 'ಏನಿಲ್ಲಕ್ಕ. ಹೂ ಇದ್ದಂಗೈತೆ ಕಾಲು.' 'ನಿನಗಿಂತ ನಾನು ಎರಡೇ ವರ್ಷ ದೊಡ್ಡಾಕಿ.' 'ನಾನು ಬರಿಗಾಲಲ್ಲಿ ಇದ್ನಲ್ಲಕ್ಕ' ಅಂದ್ಲು, ಅದೂ ಬಹಳ ಮೆತ್ತಗೆ. ಅವಳು ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಹದಿನೈದು ದಿನ ಈ ಅಂಗಳದಲ್ಲಿ ಯಾರಿಗೂ ಹೇಳ್ದಂಗೆ ಬರಿಗಾಲಲ್ಲಿ ಅಡ್ಡಾಡಿದೆ. ಪ್ರಯೋಗ ಅಲ್ವಾ, ಇನ್ನೊಂದು ಸಲ ಮಾಡಿ ನೋಡಬೇಕು. ಮಂಡಿ ಹಂಗೇ ಇತ್ತು. ಹೆಚ್ಚಿಗೆ ಸಿಕ್ಕಿದ್ದು ಹಿಮ್ಮಡಿಗೆ ಒಂದು ಜಾಲಿ ಮುಳ್ಳು.

ಸರಿ, ಕಾರಣ ಏನಾದ್ರೂ ಆಗಲಿ, ಬಸ್ಸು ಹತ್ತಬೇಕಲ್ಲ. ಅಡಿಗೆ ಮನೆಯಿಂದ ಊಟದ ಮಣೆ ತಂದೆ. ಅದನ್ನ ಈ ಕಂಬದ ಪಕ್ಕ ಇಟ್ಟೆ. ಹತ್ತು, ಇಳಿ. ಹತ್ತು, ಇಳಿ. ಮಣೆ ಎತ್ತರ ಎಷ್ಟು? ಇಷ್ಟೇ ಇಷ್ಟು. ಹರಿದಾಡೋ ಕೂಸು ದಾಟ್ತೈತೆ ಅದನ್ನ. ನನಗೆ ಕಣ್ಣಲ್ಲಿ ನೀರು ಬರೋದು. ನಿಮ್ಮಮ್ಮ ಬಾಗಿಲಲ್ಲಿ ನಿಂತು, 'ಅತ್ತೆ, ಸಾಕು ಮಾಡ್ರಿ' ಅನ್ನೋಳು. 'ಇನ್ನು ಸ್ವಲ್ಪ' ಅನ್ನೋಳು ನಾನು. ಒಂದು ಸಲ ಹುರುಪಿಗೆ ಬಿದ್ದು ಎರಡರಷ್ಟು ಮಾಡಿದೆ, ಮಂಡಿ ತೆಂಗಿನಕಾಯಿ ಆತು. ನಿಮ್ಮಪ್ಪ ಅಂದ, 'ನೋಡು, ಹೇಳಿರಲಿಲ್ವಾ?' ಅವನಿಗೆ ಅದೊಂದು ಮಾತು ಹೇಳಾಕೆ ಭಾಳ ಇಷ್ಟ. ಫಿಜಿಯೋ ಹುಡುಗಿ ಬೈದ್ಲು, 'ಆಂಟಿ, ದಿನಾ ಸ್ವಲ್ಪ ಸ್ವಲ್ಪ ಅಂದಿದ್ದೆ, ಒಂದೇ ದಿನಕ್ಕೆ ವಾರದ್ದು ಮಾಡ್ರಿ ಅಂದಿರಲಿಲ್ಲ.' ನಾಲ್ಕು ದಿನ ಐಸು ಇಟ್ಕೊಂಡು ಕೂತೆ. ಐದನೇ ದಿನ ಮತ್ತೆ ಮಣೆ. ನಂಬಿಕೆ ಇತ್ತು ಅಂತ ತಿಳ್ಕೊಬೇಡ್ರಿ. ಬೇರೆ ಏನೂ ಮಾಡಾಕೆ ಇರಲಿಲ್ಲ, ಮತ್ತೆ ಪ್ರಿನ್ಸಿಪಾಲ್ರು ಇನ್ನೊಬ್ರನ್ನ ನೋಡ್ತಾ ಇದ್ರು.

ಏಪ್ರಿಲ್‌ನಲ್ಲಿ ಎರಡು ವಿಷಯ ಆತು. ರೇಖಾಗೆ ಗಂಡು ಮಗು ಆತು, ತಾಯಿ ಮಗು ಇಬ್ರೂ ಚೆನ್ನಾಗಿದ್ರು. ಸಕ್ಕು ಫೋನಲ್ಲಿ ಅಳ್ತಾ ಇದ್ಲು, ಮಾತೇ ಇಲ್ಲ, ಬರೀ ಅಳು. ನಾನೂ ಅತ್ತೆ, ಹೇಳಿಕೊಳ್ಳಾಕೇನು ನಾಚಿಕೆ. ಎರಡನೇದು, ಅದೇ ಖುಷೀಲಿ ನಾನು ಬಸ್ ಸ್ಟ್ಯಾಂಡಿಗೆ ಹೋದೆ, ಒಂದು ಪರೀಕ್ಷೆ ಮಾಡಿಬಿಡೋಣ ಅಂತ. ಶಿವಮೊಗ್ಗ ಬಸ್ಸು ನಿಂತಿತ್ತು. ಕಂಬಿ ಹಿಡಿದೆ, ಎಡಗಾಲು ಇಟ್ಟೆ, ಮೈ ಎತ್ತಿದೆ. ಬಲಗಾಲು ಬರಲೇ ಇಲ್ಲ. ಗಾಳೀಲಿ ಜೋತಾಡ್ತಾ ಇದ್ದೀನಿ, ಹಿಂದೆ ಹತ್ತು ಜನ. 'ಹತ್ರಿ ಹತ್ರಿ, ಅಜ್ಜಿ, ಒಳಗೆ ಹೋಗ್ರಿ' ಅಂತ ಕಂಡಕ್ಟರ್ ಕೂಗ್ದ, ಆಮೇಲೆ ಬಂದು ರಟ್ಟೆಗೆ ಕೈ ಹಾಕಿ ಚೀಲ ಎಳೆದಂಗೆ ಎಳ್ಕೊಂಡ. ಒಳ್ಳೇದಕ್ಕೇ ಮಾಡಿದ ಪಾಪ. ಆದ್ರೆ ಅಲ್ಲಿವರೆಗೆ ನಾನು ಬಸ್ಸಲ್ಲಿ ಮೇಡಂ ಆಗಿದ್ದೆ, ಅವತ್ತು ಅಜ್ಜಿ ಆದೆ. ಮುಂದಿನ ಸ್ಟಾಪಲ್ಲೇ ಇಳಿದೆ, ಅಂದ್ರೆ ಇಳಿಸಿದ್ರು, ಆಟೋದಲ್ಲಿ ಬಂದೆ. ಮನೇಲಿ ಏನೂ ಹೇಳಲಿಲ್ಲ. ಮಣೆ ಮೇಲೆ ಇನ್ನೊಂದು ಮಣೆ ಇಟ್ಟೆ. ಅದು ಅಲುಗಾಡದಂಗೆ ಹಗ್ಗ ಕಟ್ಟಿದೆ. ಹತ್ತು, ಇಳಿ. ಬೇಸಿಗೆ ಎಲ್ಲ ಅದೇ. ಮಣೆ ಮುಗಿದ ಮೇಲೆ ಈ ಜಗಲಿ ಮೆಟ್ಟಿಲು. ಮೆಟ್ಟಿಲು ಮುಗಿದ ಮೇಲೆ ಆ ಕಟ್ಟೆ. ನೋವು ಹೋತಾ? ಹೋಗಲಿಲ್ಲ. ಸ್ವಲ್ಪ ಸರಿದು ಕೂತ್ಕೊಂತು, ನನಗೂ ಜಾಗ ಬಿಟ್ಟು. ಈಗಲೂ ಐತೆ. ಬಾಡಿಗೆ ಕೊಡದ ಬಾಡಿಗೆದಾರ ಇದ್ದಂಗೆ, ಆದ್ರೆ ಮನೆ ನಂದು.

ಜೂನ್ ಬಂತು. ಕಾಲೇಜು ತೆರೆಯೋ ಹಿಂದಿನ ದಿನ ಸಕ್ಕು ತೊಟ್ಟಿಲು ಕಾರ್ಯಕ್ಕೆ ಕರೆಯಾಕೆ ಅಂತ ಬಂದಿದ್ಲು. ನಿಮ್ಮಪ್ಪ ಅಂದ, 'ಚಿಕ್ಕಮ್ಮ, ನಾಳೆ ಅವ್ವನ ಜೊತೆ ಹೊನ್ನಾಳಿವರೆಗೂ ಹೋಗಿ ಬಾ. ಕೈ ಹಿಡೀಬೇಡ, ಸುಮ್ಮನೆ ನೋಡು.' ಎಕ್ಸಾಮ್ ಹಾಲಿಗೆ ಸ್ಕ್ವಾಡ್ ಬಿಟ್ಟಂಗೆ. ಬೆಳಿಗ್ಗೆ ಹೋದ್ವಿ. ಬಸ್ಸು ಬಂತು. ಕಂಬಿ ಹಿಡಿದೆ, ಒಳ್ಳೇ ಕಾಲು ಮೊದಲು, ಮೈ ಎತ್ತಿದೆ, ಬಲಗಾಲು ಬಂತು. ಕಿಟಕಿ ಪಕ್ಕ ಹೋಗಿ ಕೂತೆ. ಯಾರೂ ಚಪ್ಪಾಳೆ ಹೊಡೀಲಿಲ್ಲ, ಬಸ್ಸು ಹತ್ತೋದು ದೊಡ್ಡ ವಿಷಯ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಸಕ್ಕು ಕೂರ್ತಾಳೆ ಅಂತ ಜಾಗ ಹಿಡಿದು ನೋಡ್ತೀನಿ, ಅವಳಿಲ್ಲ. ಇನ್ನೂ ಕೆಳಗೇ ಅದಾಳೆ. ಎರಡೂ ಕೈಲಿ ಕಂಬಿ ಹಿಡ್ಕೊಂಡು, ಏಡಿ ಇದ್ದಂಗೆ ಅಡ್ಡ ತಿರುಗಿ, ತುಟಿ ಕಚ್ಕೊಂಡು ಒಂದು ಕಾಲು ಮೇಲಿಟ್ಟು, ಇನ್ನೊಂದನ್ನ ಸೀರೆ ಸಮೇತ ಕೈಯಿಂದ ಎತ್ತಿ ಇಟ್ಕೊಳ್ತಾ ಅದಾಳೆ. ಕಂಡಕ್ಟರ್ ಕೇಳ್ದ, 'ಏನವ್ವಾ, ಮಂಡಿನಾ?' 'ಇಲ್ಲಪ್ಪ, ಸೀರೆ ಸಿಕ್ಕಾಕ್ಕೊಂತು' ಅಂದ್ಲು.

ಬಂದು ಕೂತ್ಲು. ಬಸ್ಸು ಊರು ದಾಟ್ತು. ಅವಳೇ ಶುರು ಮಾಡಿದ್ಲು, ಕಿಟಕಿ ಕಡೆ ನೋಡ್ತಾ. 'ಅಕ್ಕಾ, ಮಗು ಹುಟ್ಟಿ ಆತಲ್ಲ. ಈಗ ಹೇಳಿದ್ರೆ ಅದಕ್ಕೇನೂ ಆಗಲ್ಲ ಅಲ್ಲಾ?' 'ಏನು ಹೇಳಿದ್ರೆ?' 'ನಂದೂ ನೋಯ್ತೈತೆ.' ಅಷ್ಟು ಹೇಳಿ ಸೆರಗು ಬಾಯಿಗೆ ಹಿಡ್ಕೊಂಡ್ಲು, ಯಾರಾದ್ರೂ ಕೇಳಿಸ್ಕೊಂಡ್ರಾ ಅಂತ ಹಿಂದೆ ಮುಂದೆ ನೋಡಿದ್ಲು. 'ನೋವು ಅಂದ್ರೆ ಹರಕೆ ಒಪ್ಪಿಗೆ ಆಗಿಲ್ಲ ಅಂತಾರಲ್ಲಕ್ಕ. ನಾನು ಬಾಯಿ ಬಿಟ್ಟು ಆ ಕೂಸಿಗೆ ಏನಾದ್ರೂ ಆಗಿದ್ರೆ?' 'ಗುಂಪಲ್ಲಿ ಇನ್ಯಾರಿಗೆ ಐತೆ?' 'ಯಾರಿಗಿಲ್ಲ ಕೇಳು. ರಾತ್ರಿ ನಿನಗೆ ನಿದ್ದೆ ಹತ್ತಿದ ಮೇಲೆ ಸುತ್ತ ಎಲ್ರೂ ಮಂಡಿ ಉಜ್ಜಿಕೊಳ್ಳೋ ಸದ್ದು. ಬೆಳಿಗ್ಗೆ ಎಲ್ರೂ ಆರಾಮ್ ಅನ್ನೋರು.' 'ಲಕ್ಷ್ಮಾನಾಯ್ಕ?' 'ಅವರು ಮಾತ್ರೆ ನುಂಗ್ತಿದ್ರು, ಸುಣ್ಣದ ಡಬ್ಬೀಲಿ ಇಟ್ಕೊಂಡು.' ನಾನು ನಗಬೇಕು ಅಂತಿದ್ದೆ, ಎಷ್ಟು ತಿಂಗಳಿಂದ ಕಾಯ್ತಿದ್ದ ನಗು ಅದು. ಅವಳ ಮುಖ ನೋಡಿ ಬರಲಿಲ್ಲ. ಇವಳು ಬಸವಾಪಟ್ಟಣದ ಇಳಿಜಾರಲ್ಲಿ ನನ್ನ ಚೀಲಾನೂ ಹೊತ್ಕೊಂಡು ನಡೆದವಳು. ಒಂದೇ ಒಂದು ಮಾತು ಕೇಳಿದೆ, 'ಯಾವಾಗಿಂದ ಸಕ್ಕು?'

ಅವಳು ಹೇಳಿದ್ಲು. ಹೊನ್ನಾಳಿ ಬಂತು, ಇಳಿದ್ವಿ, ನೋಯೋ ಕಾಲು ಮೊದಲು, ಇಬ್ರೂ. ನಾನು ಕಾಲೇಜಿಗೆ ಹೋದೆ, ಆಮೇಲೆ ಆರು ವರ್ಷ ಹೋದೆ. ತೊಟ್ಟಿಲಿಗೆ ಹೋದಾಗ ಅವಳಿಗೆ ಒಂದು ಮಣೆ ತಗೊಂಡು ಹೋದೆ, ಕೂಸಿಗೆ ಉಡುಗೊರೆ ಬೇರೆ. ನೋಡ್ರಪ್ಪಾ, ನೋವಿದ್ರೆ ಐತೆ ಅನ್ನಬೇಕು, ಅಂದ ಮೇಲೆ ಅಳ್ತಾ ಕೂರಬಾರದು, ಎದ್ದು ಕಾಲಿಗೆ ಕೆಲಸ ಕೊಡಬೇಕು. ಇಷ್ಟೇ ನಾನು ಕಲಿತಿದ್ದು. ನಾನು ಶೂ ಹಾಕ್ಕೊಂಡು ಬಸವಾಪಟ್ಟಣದ ಇಳಿಜಾರಲ್ಲಿ ಮಂಡಿ ಹಿಡ್ಕೊಂಡು ನಿಲ್ಲೋದಕ್ಕೆ ಎರಡು ದಿನ ಮೊದಲೇ, ದಾವಣಗೆರೆ ಇನ್ನೂ ಮುಟ್ಟಿರಲಿಲ್ಲ, ಬರಿಗಾಲಿನ ಸಕ್ಕುನ ಮಂಡಿ ಕೆಟ್ಟಿತ್ತು.